ಕಂಪ್ಯೂಟರ್ ಒಂದು, ಆಡುವವರು ಇಬ್ಬರು: ಸ್ಪೇಸ್‌ವಾರ್ ಬೆಳೆದ ಬಗೆ

ವಿಡಿಯೋ ಗೇಮ್ ಅಂದರೆ ಮೊದಲು ಒಬ್ಬರೇ ಕೂತು ಯಂತ್ರದ ಜೊತೆ ಆಡುತ್ತಿದ್ದದ್ದು, ಇಬ್ಬರು ಸೇರಿ ಆಡುವುದು ಆಮೇಲೆ ಬಂದದ್ದು ಅಂತ ಅಂದುಕೊಳ್ಳುವುದು ಸುಲಭ. ನಡೆದದ್ದು ಪೂರ್ತಿ ಹಾಗಲ್ಲ. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಲಿಯಂ ಹಿಗಿನ್‌ಬೋಥಮ್ ಆಸಿಲೋಸ್ಕೋಪ್ ಎಂಬ, ವಿದ್ಯುತ್ ಅಲೆ ತೋರಿಸುವ ಉಪಕರಣದ ಪರದೆಯ ಮೇಲೆ ತೋರಿಸಿದ ಟೆನಿಸ್ ಆಟಕ್ಕೆ ಇಬ್ಬರು ಬೇಕಿತ್ತು. 1962ರ ಸ್ಪೇಸ್‌ವಾರ್‌ಗೂ ಇಬ್ಬರು ಬೇಕಿತ್ತು. ಜೊತೆಗೆ ಯಾರೂ ಸಿಗದಿದ್ದರೆ ಆಟವೇ ಇಲ್ಲ.

1961ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ ಪಿಡಿಪಿ-1 ಎಂಬ ಕಂಪ್ಯೂಟರನ್ನು ದಾನವಾಗಿ ಕೊಟ್ಟಿತು. ಬೆಲೆ ಸುಮಾರು 1,20,000 ಡಾಲರ್. ನೆನಪಿನ ಶಕ್ತಿ ಇಂದಿನ ಲೆಕ್ಕದಲ್ಲಿ ಬರೀ 9 ಕಿಲೋಬೈಟ್. ಆದರೆ ಅದಕ್ಕೊಂದು ದುಂಡಗಿನ ಪರದೆ ಇತ್ತು. ಅದು ಕ್ಯಾಂಪಸ್ಸಿನ ಹುಡುಗರ ತಲೆ ಕೆಡಿಸಿತು. ಸ್ಟೀವ್ ರಸೆಲ್, ಮಾರ್ಟಿನ್ ಗ್ರೇಟ್ಜ್, ವೇಯ್ನ್ ವಿಟಾನೆನ್ ಮೂವರೂ ಸೇರಿ, ಈ ಯಂತ್ರದ ತಾಕತ್ತು ಪೂರ್ತಿ ತೋರಿಸುವಂಥದ್ದು, ನೋಡುವವರೂ ಕೈಹಾಕುವಂಥದ್ದು ಏನಾದರೂ ಮಾಡಬೇಕು ಅಂತ ತೀರ್ಮಾನಿಸಿದರು. ಅಂತರಿಕ್ಷದಲ್ಲಿ ಎರಡು ನೌಕೆಗಳ ಕಾದಾಟ ಅಂತ ಆಯ್ತು. ಅದೇ ಸ್ಪೇಸ್‌ವಾರ್.

ಕೋಡ್ ಬರೆಯುವ ಕೆಲಸ ರಸೆಲ್ ತಲೆಗೆ ಬಿತ್ತು. ಗೆಳೆಯರು ಅವರನ್ನು ಕರೆಯುತ್ತಿದ್ದದ್ದೇ 'ಸ್ಲಗ್' ಅಂತ, ಬಸವನ ಹುಳು! ಸೈನ್, ಕೊಸೈನ್ ಲೆಕ್ಕ ಹಾಕುವ ಪ್ರೋಗ್ರಾಂ ಇಲ್ಲದೆ ಮುಂದೆ ಹೋಗೋಕಾಗಲ್ಲ ಅಂತ ನೆಪ ಹೇಳುತ್ತಾ ಕೂತಿದ್ದರು. ಗೆಳೆಯ ಆಲನ್ ಕೊಟೊಕ್ ನೇರವಾಗಿ ಕಂಪನಿಗೇ ಹೋಗಿ ಅದರ ಟೇಪ್ ತಂದು ಮುಂದಿಟ್ಟರು. ಇನ್ನು ಯಾವ ನೆಪವೂ ಉಳಿಯಲಿಲ್ಲ. 1962ರ ಆರಂಭದ ಹೊತ್ತಿಗೆ ಸೂಜಿಯಂತಹ ಒಂದು ನೌಕೆ, ದಪ್ಪನೆಯ ಇನ್ನೊಂದು ನೌಕೆ ಪರದೆ ಮೇಲೆ ಟಾರ್ಪೆಡೊ ಹಾರಿಸುತ್ತಿದ್ದವು.

ಎದುರಾಳಿಯಾಗಿ ಕಂಪ್ಯೂಟರ್ ಯಾಕಿರಲಿಲ್ಲ? ನನಗನ್ನಿಸುವುದು ಇಷ್ಟೇ: ಎರಡು ನೌಕೆ, ಹಾರುವ ಟಾರ್ಪೆಡೊ, ಡಿಕ್ಕಿಯ ಲೆಕ್ಕ ಇಷ್ಟಕ್ಕೇ ಯಂತ್ರ ಸುಸ್ತಾಗುತ್ತಿತ್ತು. ಅದರ ಮೇಲೆ ಯೋಚನೆ ಮಾಡಿ ಆಡು ಅಂದರೆ ಎಲ್ಲಿಂದ ಆದೀತು? ಪಕ್ಕದಲ್ಲಿ ನಿಂತ ಗೆಳೆಯ ಪುಕ್ಕಟೆ ಎದುರಾಳಿ. ಅದರಿಂದ ಆದ ಲಾಭ ಬೇರೆಯೇ. ಸೋತವನು ಸುಮ್ನೆ ಇರುವುದಿಲ್ಲ ಅಲ್ವಾ? ತಕರಾರು ತೆಗೆಯುತ್ತಾನೆ. ಸ್ಪೇಸ್‌ವಾರ್ ಬೆಳೆದದ್ದು ಬಹುಪಾಲು ಅಂಥ ತಕರಾರುಗಳಿಂದ.

ಮೊದಲು ಟಾರ್ಪೆಡೊಗಳು ಸ್ವಲ್ಪ ಆಚೀಚೆ ಹೋಗುವಂತೆ ರಸೆಲ್ ಮಾಡಿದ್ದರು. ನಿಜವಾದ ಆಯುಧ ಹಾಗೇ ಇರುತ್ತದೆ ಎಂಬ ಲೆಕ್ಕ. ಆಡುವವರಿಗೆ ಇದು ಹಿಡಿಸಲಿಲ್ಲ. ಗುರಿ ಸರಿಯಾಗಿಟ್ಟೂ ತಪ್ಪಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅದನ್ನು ತೆಗೆದುಹಾಕಿದರು. ಖಾಲಿ ಪರದೆಯಲ್ಲಿ ನೌಕೆ ಎಷ್ಟು ನಿಧಾನವಾಗಿ ಸರಿಯುತ್ತಿದೆ ಅಂತ ಗೊತ್ತಾಗುತ್ತಿರಲಿಲ್ಲ. ಹಿನ್ನೆಲೆಗೆ ಮನಸ್ಸಿಗೆ ಬಂದ ಹಾಗೆ ಒಂದಿಷ್ಟು ಚುಕ್ಕಿ ಹಾಕಿದರು. ಪೀಟರ್ ಸ್ಯಾಮ್ಸನ್‌ಗೆ ಈ ಸುಳ್ಳು ಆಕಾಶ ಸಹಿಸಲಾಗಲಿಲ್ಲ. ಅವರು ಪಂಚಾಂಗದಂಥ ಖಗೋಳ ಪುಸ್ತಕ ನೋಡಿಕೊಂಡು ನಿಜವಾದ ನಕ್ಷತ್ರಗಳನ್ನೇ ಕೂರಿಸಿದರು. ಹೊಳಪು ಜಾಸ್ತಿ ಇರುವ ನಕ್ಷತ್ರ ಪರದೆಯಲ್ಲೂ ಜಾಸ್ತಿ ಹೊಳೆಯುತ್ತಿತ್ತು. ಆಟ ಗೆಲ್ಲಲು ಇದರಿಂದ ನಯಾಪೈಸೆ ಉಪಯೋಗವಿಲ್ಲ. ಆದರೂ ಮಾಡಿದರು.

ನಿಜವಾಗಿ ಆಟವನ್ನು ಆಟ ಮಾಡಿದ್ದು ಡ್ಯಾನ್ ಎಡ್ವರ್ಡ್ಸ್. ನಡುವೆ ಒಂದು ಸೂರ್ಯನನ್ನಿಟ್ಟು ಅದಕ್ಕೆ ಗುರುತ್ವಾಕರ್ಷಣೆ ಕೊಟ್ಟರು. ಸುಮ್ನೆ ನಿಂತವನು ಸೂರ್ಯನ ಬಾಯಿಗೆ ಬೀಳುತ್ತಾನೆ. ಜಾಣ ಆಟಗಾರ ಅದೇ ಸೆಳೆತ ಬಳಸಿ, ಕವಣೆಯ ಕಲ್ಲಿನ ಹಾಗೆ ಸುತ್ತು ಹೊಡೆದು ಎದುರಾಳಿಯ ಮೇಲೆ ಎರಗುತ್ತಾನೆ. ಬರೀ ಬೆರಳಿನ ಚುರುಕು ಸಾಲದು, ತಂತ್ರವೂ ಬೇಕಾಯಿತು. ಈ ಲೆಕ್ಕಕ್ಕೆ ಯಂತ್ರಕ್ಕೆ ಸಮಯ ಸಾಲದೆ, ನೌಕೆ ಬಿಡಿಸುವ ಕೋಡನ್ನೇ ಎಡ್ವರ್ಡ್ಸ್ ಹೊಸದಾಗಿ ಬರೆದು ಸಮಯ ಉಳಿಸಿದರು. ಇಷ್ಟಾದರೂ ಟಾರ್ಪೆಡೊಗಳಿಗೆ ಗುರುತ್ವಾಕರ್ಷಣೆ ಸಿಗಲಿಲ್ಲ. ಅವು ಸೂರ್ಯನ ಪಕ್ಕದಲ್ಲೂ ನೆಟ್ಟಗೆ ಹೋಗುತ್ತಿದ್ದವು.

ಸಿಕ್ಕಿಬಿದ್ದವನಿಗೆ ದಾರಿಯೇ ಇಲ್ಲ ಎಂಬ ದೂರಿಗೆ ಗ್ರೇಟ್ಜ್ ಹೈಪರ್‌ಸ್ಪೇಸ್ ಸೇರಿಸಿದರು. ಒತ್ತಿದರೆ ನೌಕೆ ಮಾಯ, ಇನ್ನೆಲ್ಲೋ ಪ್ರತ್ಯಕ್ಷ. ಪ್ರತಿ ಸಲ ಬಳಸಿದಂತೆಲ್ಲ ನೌಕೆ ತಾನೇ ಸ್ಫೋಟಿಸುವ ಸಾಧ್ಯತೆ ಏರುತ್ತದೆ. ಹೇಡಿತನಕ್ಕೆ ಬೆಲೆ ತೆರಲೇಬೇಕು!

ಇನ್ನೊಂದು ತಕರಾರು ಕೂರುವ ಜಾಗದ್ದು. ಮೊದಲು ಕಂಪ್ಯೂಟರಿನ ಸ್ವಿಚ್‌ಗಳಿಂದಲೇ ಆಡಬೇಕಿತ್ತು. ಪರದೆ ಒಂದು ಬದಿಗಿದ್ದ ಕಾರಣ ಒಬ್ಬನಿಗೆ ಚೆನ್ನಾಗಿ ಕಾಣುತ್ತಿತ್ತು, ಇನ್ನೊಬ್ಬನಿಗೆ ಅಷ್ಟಿಲ್ಲ. ಮೊಣಕೈ ನೋವು ಬೇರೆ. ಕೊಟೊಕ್ ಮತ್ತು ಬಾಬ್ ಸಾಂಡರ್ಸ್ ಎಂಐಟಿಯ ಆಟಿಕೆ ರೈಲು ಕ್ಲಬ್ಬಿನಲ್ಲಿ ಬಿದ್ದಿದ್ದ ಬಿಡಿಭಾಗ ಹೆಕ್ಕಿ ಎರಡು ಪುಟ್ಟ ಪೆಟ್ಟಿಗೆ ಮಾಡಿದರು. ಟಾರ್ಪೆಡೊ ಗುಂಡಿ ಒತ್ತಿದಾಗ ಸದ್ದಾಗದಂತೆ ನೋಡಿಕೊಂಡರು. ಸದ್ದು ಕೇಳಿದರೆ ಪಕ್ಕದಲ್ಲಿ ಕೂತವನಿಗೆ ಸುಳಿವು ಸಿಕ್ಕಿಬಿಡುತ್ತದೆ. ಒಂದೇ ಕೋಣೆಯಲ್ಲಿ ಆಡುವ ಆಟಕ್ಕೆ ಮಾತ್ರ ಹೊಳೆಯುವ ಯೋಚನೆ ಇದು.

ಈ ಆಟವನ್ನು ಯಾರೂ ಮಾರಲಿಲ್ಲ. ಟೇಪ್‌ಗಳು ಕೈಯಿಂದ ಕೈಗೆ ಹೋಗಿ ಬೇರೆ ಬೇರೆ ವಿಶ್ವವಿದ್ಯಾಲಯ ಸೇರಿದವು. 1972ರ ಅಕ್ಟೋಬರ್ 19ರಂದು ಸ್ಟ್ಯಾನ್‌ಫೋರ್ಡ್‌ನಲ್ಲಿ ಪಂದ್ಯಾವಳಿಯೇ ನಡೆಯಿತು. ಅಷ್ಟು ಹೊತ್ತಿಗೆ ಅಲ್ಲಿ ಐದು ಜನ ಒಟ್ಟಿಗೆ ಆಡುವ ಆವೃತ್ತಿಯೂ ಬಂದಿತ್ತು. ಆ ಪಂದ್ಯ ಗೆದ್ದವರು ಬ್ರೂಸ್ ಬೌಮ್‌ಗಾರ್ಟ್. ಬಹುಮಾನ, ರೋಲಿಂಗ್ ಸ್ಟೋನ್ ಪತ್ರಿಕೆಯ ಒಂದು ವರ್ಷದ ಚಂದಾ.

ದುಡ್ಡು ಮಾಡಲು ಹೊರಟವರಿಗೆ ಸಂಕಟ ಶುರುವಾಯಿತು. 1971ರಲ್ಲಿ ಬಿಲ್ ಪಿಟ್ಸ್, ಹ್ಯೂ ಟಕ್ ಇಬ್ಬರು ಸ್ಟ್ಯಾನ್‌ಫೋರ್ಡ್‌ನಲ್ಲಿ 'ಗ್ಯಾಲಕ್ಸಿ ಗೇಮ್' ಇಟ್ಟರು. ಮೂಲ ಆಟಕ್ಕೆ ನಿಷ್ಠೆ, ಒಳಗೆ ನಿಜವಾದ ಕಂಪ್ಯೂಟರ್. ಖರ್ಚು ಸುಮಾರು 20,000 ಡಾಲರ್, ಒಂದು ಆಟಕ್ಕೆ 10 ಸೆಂಟ್. ಅಂದರೆ ಹಾಕಿದ ದುಡ್ಡು ವಾಪಸ್ ಬರಲು ಎರಡು ಲಕ್ಷ ಆಟ ಆಗಬೇಕು. ಜನ ಮುಗಿಬಿದ್ದು ಆಡಿದರು, ಲೆಕ್ಕ ಮಾತ್ರ ಕೂಡಿಬರಲಿಲ್ಲ.

ಅದೇ ವರ್ಷ ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ 'ಕಂಪ್ಯೂಟರ್ ಸ್ಪೇಸ್' ತಂದರು. ಕಂಪ್ಯೂಟರ್ ತೆಗೆದುಬಿಟ್ಟು ಅಗ್ಗದ ಸರ್ಕ್ಯೂಟ್ ಹಾಕಿದರು. ಜೊತೆಗೆ ಸೂರ್ಯನನ್ನೂ ಎರಡನೇ ಆಟಗಾರನನ್ನೂ ತೆಗೆದರು. ಒಬ್ಬ ಗಿರಾಕಿ ಬಂದು ನಾಣ್ಯ ಹಾಕಿದರೆ ಸಾಕು, ಎದುರಿಗೆ ಎರಡು ಹಾರುವ ತಟ್ಟೆಗಳು. ವ್ಯಾಪಾರದ ಬುದ್ಧಿ ಸರಿಯಾಗಿಯೇ ಇತ್ತು. ಒಂದು ಸಾವಿರಕ್ಕೂ ಹೆಚ್ಚು ಯಂತ್ರಗಳು ಹೊರಬಂದವು. ಆದರೂ ಅಂದುಕೊಂಡಷ್ಟು ಓಡಲಿಲ್ಲ. ಮರುವರ್ಷ ಇದೇ ಜೋಡಿಯ ಅಟಾರಿ ಕಂಪನಿಗೆ ಅದೃಷ್ಟ ತಂದ 'ಪಾಂಗ್' ಆಟವೋ, ಇಬ್ಬರಿಲ್ಲದೆ ಆಡಲು ಸಾಧ್ಯವೇ ಇರಲಿಲ್ಲ!

1977ರಲ್ಲಿ ಸಿನೆಮಾಟ್ರಾನಿಕ್ಸ್ ಕಂಪನಿಯ 'ಸ್ಪೇಸ್ ವಾರ್ಸ್' ಮೂಲ ಆಟವನ್ನು ಆರ್ಕೇಡ್‌ಗೆ, ಅಂದರೆ ನಾಣ್ಯ ಹಾಕಿ ಆಡುವ ಗೇಮ್ ಅಂಗಡಿಗೆ, ತಂದು ಗೆದ್ದಿತು. ಗುರುತ್ವಾಕರ್ಷಣೆ ಹೇಗಿರಬೇಕು ಅಂತ ಆಟಗಾರರೇ ಆರಿಸಬಹುದಿತ್ತು. 1979ರ 'ಆಸ್ಟರಾಯ್ಡ್ಸ್' ನೌಕೆಯ ಜಾರುವ ಚಲನೆ, ಹೈಪರ್‌ಸ್ಪೇಸ್ ಎರಡನ್ನೂ ಇಟ್ಟುಕೊಂಡು ಪಕ್ಕದವನ ಜಾಗದಲ್ಲಿ ಬಂಡೆಗಳನ್ನು ತಂದಿತು. ಒಳ್ಳೆಯ ಆಟ, ನಿಜ. ಆದರೆ ಬಂಡೆ ತಕರಾರು ತೆಗೆಯುವುದಿಲ್ಲ. 1990ರ 'ಸ್ಟಾರ್ ಕಂಟ್ರೋಲ್'ನಲ್ಲಿ ಮತ್ತೆ ಇಬ್ಬರು ಒಂದೇ ಕೀಬೋರ್ಡಿನ ಮುಂದೆ ಮೊಣಕೈ ತಾಗಿಸಿಕೊಂಡು ಕೂರುವಂತಾಯಿತು. ನಡುವೆ ಸೆಳೆಯುವ ಗ್ರಹವೂ ಇತ್ತು.

ಹೆಸರು ಈಗಲೂ ಓಡಾಡುತ್ತಿದೆ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ತಾಣ ಸ್ಟೀಮ್‌ನಲ್ಲಿ ಗೇಮ್ ಬರೆಯುವವರಿಗೆ ಕೊಡುವ ಮಾದರಿ ಪ್ರೋಗ್ರಾಂನ ಹೆಸರು ಸ್ಪೇಸ್‌ವಾರ್, ಅದರ ಸಂಖ್ಯೆ 480. ಕದ್ದ ಗೇಮ್‌ಗಳು ಎಷ್ಟೋ ಸಲ ಈ ಸಂಖ್ಯೆಯ ಮರೆಯಲ್ಲೇ ಓಡುತ್ತವೆ. ಹಾಗಾಗಿ ನಿಮ್ಮ ಗೆಳೆಯ ಸ್ಪೇಸ್‌ವಾರ್ ಆಡುತ್ತಿದ್ದಾನೆ ಅಂತ ಸ್ಟೀಮ್ ತೋರಿಸಿದರೆ, ಅವನಿಗೆ ಇತಿಹಾಸದ ಹುಚ್ಚು ಹಿಡಿದಿದೆ ಅಂತ ಅಂದುಕೊಳ್ಳಬೇಡಿ.