ಪ್ರೆಶರ್ ಜಾಸ್ತಿ ಮಾಡಿ ಸರ್, ನೀರ್ ಬರುತ್ತೆ!

ಏಪ್ರಿಲ್ ಬಂತು ಅಂದ್ರೆ ಪುಣೆಯ ಸೊಸೈಟಿ ಸೆಕ್ರೆಟರಿಗಳೆಲ್ಲಾ ನನಗೆ ನೆಂಟರಾಗಿಬಿಡ್ತಾರೆ. ಅದ್ರಲ್ಲೂ ನಮ್ಮ ಕನ್ನಡದವ್ರಿಗೆ ಸಲುಗೆ ಜಾಸ್ತಿ, "ಬೋರ್ ಬತ್ತಿದೆ, ಹೈಡ್ರೋಫ್ರ್ಯಾಕ್ ಮಾಡಿಸ್ಬೇಕು, ಪ್ರೆಶರ್ ಮಾತ್ರ ಫುಲ್ ಇರ್ಲಿ" ಅಂತಾರೆ, ಸ್ಕೂಟರ್ ಟೈರಿಗೆ ಗಾಳಿ ಹಾಕಿಸೋ ಥರ. ಇಷ್ಟು ವರ್ಷ ಬೋರ್‌ವೆಲ್ ಕೆಲಸ ಮಾಡಿಯೂ ನನಗೆ ಈ ಮಾತೊಂದು ಕೇಳಿದ್ರೆ ಸಿಟ್ಟು ಬರೋದು ನಿಂತಿಲ್ಲ.

ಹೈಡ್ರೋಫ್ರ್ಯಾಕ್ ಅಂದ್ರೆ ಬೋರೊಳಗೆ ಪಂಪಿಂದ ಜೋರಾಗಿ ನೀರು ನುಗ್ಗಿಸಿ ಬಂಡೆ ಬಿರಿಸೋದು. ಪ್ರೆಶರಿಂದ ಬಂಡೆ ಬಿರಿಯುತ್ತೆ, ನಿಜ. ಆದ್ರೆ ಬಿರುಕು ಯಾವ ಕಡೆ ಹೋಗ್ಬೇಕು, ಎಲ್ಲಿ ನಿಲ್ಬೇಕು ಅನ್ನೋದು ಪಂಪಿನ ಕೈಲಿಲ್ಲ. ನೆಲದೊಳಗೆ ಬಂಡೆ ಎಲ್ಲಾ ಕಡೆಯಿಂದ ಅಮುಕಿಸ್ಕೊಂಡೇ ಇರುತ್ತೆ, ಯಾವ ದಿಕ್ಕಿನ ಒತ್ತಡ ಎಲ್ಲಕ್ಕಿಂತ ಕಮ್ಮಿಯೋ ಆ ಕಡೆಗೇ ಅದು ಬಾಯಿ ಬಿಡೋದು. ಲೆಕ್ಕ ನೋಡಿ. ಒಂದು ಘನ ಮೀಟರ್ ಗಟ್ಟಿ ಬಸಾಲ್ಟ್, ಅಂದ್ರೆ ಇಲ್ಲಿನ ಕಪ್ಪು ಕಲ್ಲು, ಸುಮಾರು 2.8 ಟನ್. 60 ಮೀಟರ್ ಆಳದಲ್ಲಿ ಮೇಲಿನ ಭಾರ ಚದರ ಸೆಂಟಿಮೀಟರಿಗೆ 17 ಕೆಜಿ ಹತ್ರ ಆಯ್ತು. ಪೈಪಲ್ಲಿ ನಿಂತಿರೋ ನೀರೇ 6 ಕೆಜಿ ಕೊಡುತ್ತೆ, ಹಾಗಾಗಿ ಮೇಲೆ ಗೇಜಲ್ಲಿ 11 ಕಂಡಾಗ್ಲೇ ತಲೆ ಮೇಲಿನ ಬಂಡೆಯ ಭಾರಕ್ಕೆ ಸಮ ಆಗಿರ್ತೀವಿ. ಬಂಡೆಯ ಸ್ವಂತ ಬಿಗಿ ಬಿಡಿಸೋಕೆ ಇನ್ನಷ್ಟು ಬೇಕಾಗುತ್ತೆ, ಅದು ಜಾಗದಿಂದ ಜಾಗಕ್ಕೆ ಬೇರೆ. ಇಷ್ಟು ಕಮ್ಮಿ ಆಳದಲ್ಲಿ ಸಾಮಾನ್ಯವಾಗಿ ಮೇಲಿನ ಭಾರವೇ ಎಲ್ಲಕ್ಕಿಂತ ಕಮ್ಮಿ, ಹಾಗಾಗಿ ಬಿರುಕು ಅಡ್ಡಕ್ಕೆ ಹಾಸ್ಕೊಂಡು ಹೋಗುತ್ತೆ. ಎಣ್ಣೆ ಬಾವಿಗಳ ಆಳದಲ್ಲಿ ಮೇಲಿನ ಭಾರವೇ ಜಾಸ್ತಿ, ಅಲ್ಲಿ ನೆಟ್ಟಗೆ ನಿಂತ ಬಿರುಕುಗಳು. ಯೂಟ್ಯೂಬಲ್ಲಿ ಅದನ್ನ ನೋಡ್ಕೊಂಡು ಬಂದು ನನ್ನ ಹತ್ರ ವಾದ ಮಾಡ್ಬೇಡಿ.

ಇನ್ನು ನಮ್ಮ ದಖ್ಖನ್ ಬಂಡೆ ಒಂದೇ ಗಟ್ಟಿ ಅಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಕೂತಿದ್ದು, ಪ್ರತಿ ಪದರದ ಕೆಳಗೆ ಗಟ್ಟಿ ಕಪ್ಪು ಕಲ್ಲು, ಮೇಲೆ ತೂತು ತೂತು ಕಲ್ಲು, ಎಷ್ಟೋ ಕಡೆ ಎರಡು ಪದರದ ನಡುವೆ ಕೆಂಪು ಜೇಡಿ. ಖಡಕ್ ರೊಟ್ಟಿ, ಚಪಾತಿ, ಮತ್ತೆ ಖಡಕ್ ರೊಟ್ಟಿ ಒಟ್ಟಿದಂಗೆ ಅನ್ಕೊಳ್ಳಿ. ಮೇಲಿನ ರೊಟ್ಟಿ ಮುರಿದ್ರೆ ಆ ಬಿರುಕು ಚಪಾತಿ ದಾಟಿ ಕೆಳಗಿನ ರೊಟ್ಟಿಗೆ ಹೋಗುತ್ತಾ? ಬಿರುಕು ಪದರದ ಅಂಚಿಗೆ ಬಂದಾಗ ಅಂಚು ಜಾರಿದ್ರೆ ಅಲ್ಲೇ ನಿಂತುಬಿಡಬಹುದು, ಅಂಚಿನುದ್ದಕ್ಕೆ ತಿರುಗಬಹುದು, ತೂತು ಕಲ್ಲು ಸಿಕ್ರೆ ನೀರೆಲ್ಲಾ ಅದರೊಳಗೆ ಸೋರಿ ಮುಂದೆ ತಳ್ಳೋ ಬಲವೇ ಇರಲ್ಲ. ಒಮ್ಮೊಮ್ಮೆ ದಾಟೋದೂ ಉಂಟು. ಮೆತ್ತಗಿದ್ದ ಮಾತ್ರಕ್ಕೆ ಪದರ ಬಿರುಕನ್ನ ತಡೆಯಲ್ಲ, ಪದರ ಪದರದ ಒತ್ತಡದ ವ್ಯತ್ಯಾಸನೇ ಮುಖ್ಯ. ಅಮೆರಿಕದ ನೆವಾಡಾದಲ್ಲಿ ಜ್ವಾಲಾಮುಖಿ ಬೂದಿ ಕಲ್ಲಿನ ಪದರಗಳಲ್ಲಿ ಬಿರುಕು ಬಿಡಿಸಿ, ಆಮೇಲೆ ಸುರಂಗ ಅಗೆದು ಹೋಗಿ ಕಣ್ಣಾರೆ ನೋಡಿದವರು 1982ರಲ್ಲಿ ಇದನ್ನೇ ಬರೆದ್ರು.

ಹಾಗಾದ್ರೆ ಪ್ರೆಶರ್ ಏರಿಸ್ತಾ ಹೋದ್ರೆ? ಏರೋದೇ ಇಲ್ಲ ಸ್ವಾಮಿ. ಬಾಯಿ ಬಿಟ್ಟ ಕ್ಷಣ ಗೇಜಿನ ಮುಳ್ಳು ದಪ್ ಅಂತ ಬೀಳುತ್ತೆ, ಸುತ್ತ ನಿಂತವರು ಚಪ್ಪಾಳೆ ಹೊಡೀತಾರೆ. ಮುಳ್ಳು ಬಿತ್ತು ಅಂದ್ರೆ ದಾರಿ ಆಯ್ತು ಅಂತಷ್ಟೇ ಅರ್ಥ, ಆ ದಾರಿಯ ಕೊನೇಲಿ ನೀರು ಇರಬೇಕಲ್ಲ! ಎಷ್ಟೋ ಸಲ ಹೊಸ ಬಿರುಕು ಆಗಿರಲ್ಲ, ಕೆಸರು ಕಟ್ಕೊಂಡಿದ್ದ ಹಳೇ ಸೀಳು ತೊಳೆದಿರುತ್ತೆ. ಅದೂ ಒಳ್ಳೇದೇ. ಪ್ಯಾಕರ್, ಅಂದ್ರೆ ನೀರು ಮೇಲಕ್ಕೆ ಬರದಂಗೆ ಬೋರೊಳಗೆ ಬಿಗಿಯೋ ರಬ್ಬರ್ ಬಿರಡೆ, ಗಟ್ಟಿ ಕಲ್ಲಲ್ಲಿ ಕೂರದೆ ತೂತು ಕಲ್ಲಲ್ಲಿ ಕೂತಿದ್ರೂ ಮುಳ್ಳು ಬೀಳುತ್ತೆ, ಆಗ ನೀರು ಪ್ಯಾಕರ್ ಪಕ್ಕದಿಂದ ಮೇಲಕ್ಕೆ ಓಡ್ತಿರುತ್ತೆ.

ವಾಘೋಲಿ ಕಡೆ ಒಂದು ಸಲ ನಾನೂ ಮರ್ಯಾದೆಗೆ ಬಿದ್ದು ಸೆಕ್ರೆಟರಿ ಮಾತು ಕೇಳಿದೆ. "ಇನ್ನೊಂದರ್ಧ ಗಂಟೆ ಹೊಡೀರಿ ಸರ್" ಅಂದ್ರು, ಹೊಡೆದ್ವಿ. ಬಿರುಕು ಕೆಳಕ್ಕೆ ಇಳಿಯೋದು ಬಿಟ್ಟು ಕೆಂಪು ಜೇಡಿ ಪದರದ ಗುಂಟ ಹೋಗಿರ್ಬೇಕು, ಯಾಕಂದ್ರೆ ಸ್ವಲ್ಪ ಹೊತ್ತಿಗೆ ಕಾಂಪೌಂಡ್ ಆಚೆಯಿಂದ ವಿಜಯಪುರ ಕಡೆಯ ಅಜ್ಜಿಯೊಬ್ರು ಬಕೆಟ್ ಹಿಡ್ಕೊಂಡೇ ಬಂದ್ರು. ಒಳಗೆ ಕೆಂಪು ರಾಡಿ ನೀರು. "ಏನ್ರೀ ಸರ, ನಮ್ಮ ಬೋರಿನಾಗ ಕುಂಕುಮ ಕಲಸೀರೇನು?" ಸೆಕ್ರೆಟರಿ ಅಷ್ಟೊತ್ತಿಗೆ ಫೋನಲ್ಲಿ ಬಿಜಿ. ಅಜ್ಜಿ ಬೋರ್ ತಿಳಿಯಾಗೋಕೆ ಎರಡು ದಿನ ಬೇಕಾಯ್ತು, ಅಷ್ಟು ದಿನ ಅವರ ಟ್ಯಾಂಕರ್ ದುಡ್ಡು ನನ್ನ ಜೇಬಿಂದ. ಅವತ್ತಿಂದ ಅಕ್ಕಪಕ್ಕ ಯಾರ್ಯಾರ ಬೋರ್ ಎಷ್ಟೆಷ್ಟು ದೂರ ಇದೆ ಅಂತ ಬರ್ಕೊಳ್ದೆ, ಬೋರೊಳಗೆ ಕ್ಯಾಮೆರಾ ಬಿಟ್ಟು ನೋಡ್ದೆ ಪ್ಯಾಕರ್ ಇಳಿಸಲ್ಲ.