ರೋಮನ್ ಬೆಳ್ಳಿ ನಾಣ್ಯದ ಹಿಂಬದಿಯಲ್ಲಿ ಕೂತ ಹೆಂಗಸು ಯಾರು?

ಪ್ರಶ್ನೆ: ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯದ ಒಂದು ಬದಿಯಲ್ಲಿ ಅವನ ಮುಖ ಇದೆ. ಇನ್ನೊಂದು ಬದಿಯಲ್ಲಿ ಕುರ್ಚಿಯ ಮೇಲೆ ಕೂತ ಒಬ್ಬ ಹೆಂಗಸು. ಅವಳು ದೇವತೆಯೋ, ರಾಜಮನೆತನದವಳೋ?

ಉತ್ತರ: ಈ ನಾಣ್ಯದ ಹೆಸರು ಡೆನಾರಿಯಸ್. 'ದೀನಾರ' ಎಂಬ ಮಾತು ಬಂದಿದ್ದು ಇದರಿಂದಲೇ. ನಮ್ಮ ಒಂದು ರೂಪಾಯಿಗಿಂತ ಚಿಕ್ಕದು, ತೂಕ ನಾಲ್ಕು ಗ್ರಾಂಗೂ ತುಸು ಕಡಿಮೆ.

ಮುಂಬದಿಯಲ್ಲಿ ಟೈಬೀರಿಯಸ್ ಬಲಕ್ಕೆ ನೋಡುತ್ತಿದ್ದಾನೆ. ತಲೆಗೆ ಲಾರೆಲ್ ಎಲೆಗಳ ಮಾಲೆ, ಅದನ್ನು ಕಟ್ಟಿದ ಪಟ್ಟಿಯ ತುದಿಗಳು ಕತ್ತಿನ ಹಿಂದೆ ಇಳಿಬಿದ್ದಿವೆ. ಸುತ್ತಲಿನ ಅಕ್ಷರಗಳು ಅವನನ್ನು 'ದೇವರಾದ ಆಗಸ್ಟಸನ ಮಗ' ಎನ್ನುತ್ತವೆ. ಹಿಂದಿನ ಚಕ್ರವರ್ತಿ ಆಗಸ್ಟಸ್ ಇವನ ಹೆತ್ತಪ್ಪ ಅಲ್ಲ, ಕ್ರಿ.ಶ. 4ರಲ್ಲಿ ದತ್ತು ತೆಗೆದುಕೊಂಡವನು. ಆದರೆ ಆಗಸ್ಟಸನ ಹೆಂಡತಿ ಲಿವಿಯಾ ಟೈಬೀರಿಯಸನ ಹೆತ್ತ ತಾಯಿಯೇ.

ಈಗ ನಾಣ್ಯ ತಿರುಗಿಸಿ. ಹೆಂಗಸಿನ ಒಂದು ಕೈಯಲ್ಲಿ ಉದ್ದನೆಯ ಕೋಲು, ಇನ್ನೊಂದರಲ್ಲಿ ಎಲೆಯ ಟೊಂಗೆ. ಪಕ್ಕದಲ್ಲಿ 'ಮಹಾ ಪುರೋಹಿತ' ಎಂದಿದೆ, ಅದು ಟೈಬೀರಿಯಸನ ಬಿರುದು. ಅವಳ ಹೆಸರು ಮಾತ್ರ ಎಲ್ಲೂ ಇಲ್ಲ! ಟೊಂಗೆ ನೋಡಿ ಕೆಲವರು ಶಾಂತಿದೇವತೆ ಪಾಕ್ಸ್ ಅನ್ನುತ್ತಾರೆ. ಇವಳು ಲಿವಿಯಾ ಅನ್ನುವವರೂ ಬಹಳ ಮಂದಿ. ನನಗನಿಸುವುದು, ಬೇಕೆಂದೇ ಹೆಸರು ಬಿಟ್ಟಿದ್ದಾರೆ. ದೇವತೆಯನ್ನು ಕಂಡವರಿಗೆ ತಾಯಿಯೂ ನೆನಪಾಗಲಿ ಅಂತ.

ಬದುಕಿರುವಾಗಲೇ ರೋಮ್‌ನಲ್ಲಿ ತನ್ನ ಮುಖದ ನಾಣ್ಯ ಹೊಡೆಸಿದ ಮೊದಲಿಗ ಜೂಲಿಯಸ್ ಸೀಸರ್, ಕ್ರಿ.ಪೂ. 44ರಲ್ಲಿ. ಆಮೇಲೆ ಅದು ರೂಢಿಯೇ ಆಯಿತು. ಟೈಬೀರಿಯಸ್ ಆಳಿದ್ದು ಸುಮಾರು 23 ವರ್ಷ. ಅಷ್ಟೂ ಕಾಲ ಹೆಚ್ಚುಕಮ್ಮಿ ಇದೇ ಚಿತ್ರ ನಡೆಯಿತು.

ಇದೇ ನಾಣ್ಯ ಹಡಗು ಹತ್ತಿ ದಕ್ಷಿಣ ಭಾರತಕ್ಕೂ ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಮಾರ್ಗಕ್ಕೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಇಲ್ಲಿನ ನಿಧಿಗಳಲ್ಲಿ ಆಗಸ್ಟಸ್, ಟೈಬೀರಿಯಸರ ನಾಣ್ಯಗಳೇ ಜಾಸ್ತಿ. ಅವುಗಳ ಬೆಳ್ಳಿ ಅಪ್ಪಟ. ಕ್ರಿ.ಶ. 64ರ ಸುಮಾರಿಗೆ ಚಕ್ರವರ್ತಿ ನೀರೋ ನಾಣ್ಯದ ತೂಕ ಇಳಿಸಿ, ಬೆಳ್ಳಿಗೆ ತಾಮ್ರವನ್ನೂ ಬೆರೆಸಿದ. ಲ್ಯಾಟಿನ್ ಬಾರದ ನಮ್ಮ ವ್ಯಾಪಾರಿ ಆ ಕೂತ ಹೆಂಗಸನ್ನು ನೋಡಿಯೇ ಹಳೇ ಒಳ್ಳೇ ಬೆಳ್ಳಿಯನ್ನು ಗುರುತು ಹಿಡಿದಿರಬೇಕು, ಅಲ್ವಾ?