ಕಂಟ್ರೋಲ್ ಡೆಕ್ ಕಟ್ಟುವಾಗ: ಮೊದಲ ನಾಲ್ಕು ಸರದಿಗಳ ಲೆಕ್ಕ

ಮ್ಯಾಜಿಕ್: ದ ಗ್ಯಾದರಿಂಗ್ ಆಟದ ನಿಯಮ ಬಲ್ಲ, ಆದರೆ 60 ಕಾರ್ಡುಗಳ ಕಂಟ್ರೋಲ್ ಡೆಕ್ಕನ್ನು ಈವರೆಗೆ ಸ್ವಂತವಾಗಿ ಕಟ್ಟದವರಿಗಾಗಿ ಈ ಟಿಪ್ಪಣಿ. ಕಂಟ್ರೋಲ್ (ಎದುರಾಳಿಯ ಆಟವನ್ನು ತಡೆಯುತ್ತಾ ಬದುಕುಳಿದು, ತಡವಾಗಿ ಗೆಲ್ಲುವ ಬಗೆ) ಎಂದ ಕೂಡಲೇ ಹೆಚ್ಚಿನವರ ಕೈ ಆಟ ಮುಗಿಸುವ ದೊಡ್ಡ ಕಾರ್ಡಿನತ್ತ ಹೋಗುತ್ತದೆ. ಅದನ್ನು ಎಲ್ಲಕ್ಕಿಂತ ಕೊನೆಗೆ ಆರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಬಗೆಯ ಡೆಕ್ ಬಹುತೇಕ ಸಲ ಸೋಲುವುದು ಗೆಲ್ಲಿಸುವ ಕಾರ್ಡ್ ಬರಲಿಲ್ಲವೆಂದಲ್ಲ, ಅದನ್ನು ಇಳಿಸುವ ಹೊತ್ತಿನವರೆಗೆ ಬದುಕಿ ಉಳಿಯಲಾಗಲಿಲ್ಲವೆಂದು.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ಎದುರಾಳಿ ಮೊದಲು ಆಡುತ್ತಾನೆ. ಅವನದು ವೇಗದ ದಾಳಿಯ ಡೆಕ್. ಮೊದಲ ಸರದಿಯಲ್ಲಿ 2 ಬಲದ ಕ್ರೀಚರ್, ಎರಡನೆಯದರಲ್ಲಿ ಇನ್ನೊಂದು 2 ಬಲದ್ದು, ಮೂರನೆಯದರಲ್ಲಿ 3 ಬಲದ್ದು ಇಳಿಸಿದ ಎಂದುಕೊಳ್ಳಿ. ನಾವು ಏನೂ ಮಾಡದೆ ಕುಳಿತರೆ ಎರಡನೇ ಸರದಿಯಲ್ಲಿ 2, ಮೂರನೆಯದರಲ್ಲಿ 4, ನಾಲ್ಕನೆಯದರಲ್ಲಿ 7 ಪೆಟ್ಟು ಬೀಳುತ್ತದೆ. ಆರಂಭದ 20 ಲೈಫಿನಲ್ಲಿ ಉಳಿದದ್ದು 7. ಐದನೇ ಸರದಿಯಲ್ಲಿ ಮತ್ತೆ 7 ಬಿದ್ದರೆ ಆಟ ಮುಗಿಯಿತು. ಅಂದರೆ ನಮ್ಮ ನಾಲ್ಕನೇ ಸರದಿಯೇ ಕೊನೆಯ ಅವಕಾಶ.

ಅದೇ ಸರದಿಯಲ್ಲಿ ನಾಲ್ಕು ಮಾನಾ (ಲ್ಯಾಂಡ್ ಕಾರ್ಡುಗಳಿಂದ ಸಿಗುವ ಶಕ್ತಿ) ಕೊಟ್ಟು ವ್ರಾತ್ ಆಫ್ ಗಾಡ್ ಆಡಿದರೆ ಮೂರೂ ಕ್ರೀಚರ್‌ಗಳು ನಾಶವಾಗುತ್ತವೆ. ನಮ್ಮ ಒಂದು ಕಾರ್ಡಿಗೆ ಅವನ ಮೂರು ಹೋದವು. ಕಂಟ್ರೋಲ್ ಡೆಕ್ಕಿನ ಜೀವಾಳ ಇರುವುದು ಈ ವಿನಿಮಯದಲ್ಲೇ. ಅವನ ಕೈ ಬರಿದಾಗುತ್ತಾ ಬರುತ್ತದೆ, ನಮ್ಮ ಕೈ ತುಂಬಿಯೇ ಇರುತ್ತದೆ.

ಇನ್ನು ಎರಡನೇ ಸರದಿಯಲ್ಲಿ ನಮ್ಮ ಕೈಯಲ್ಲಿ ಒಂದು ಕ್ರೀಚರನ್ನು ಕೊಲ್ಲುವ ಅಗ್ಗದ ಕಾರ್ಡೂ ಇತ್ತು ಅನ್ನಿ. ಆಗಲೇ ಬಳಸಿದರೆ ನಾಲ್ಕನೇ ಸರದಿಗೆ ನಮ್ಮ ಬಳಿ 7ರ ಬದಲು 11 ಲೈಫ್ ಇರುತ್ತದೆ, ಆದರೆ ವ್ರಾತ್‌ಗೆ ಸಿಗುವುದು ಎರಡೇ. ಬಳಸದೆ ಇಟ್ಟುಕೊಂಡರೆ ವ್ರಾತ್ ಮೂರನ್ನು ಒಯ್ಯುತ್ತದೆ, ಅದಾದ ಮೇಲೆ ಬರುವ ನಾಲ್ಕನೆಯದಕ್ಕೆ ಉತ್ತರವೂ ಕೈಯಲ್ಲಿರುತ್ತದೆ. ಎದುರಾಳಿಯದು ನೇರವಾಗಿ ಲೈಫಿಗೇ ಪೆಟ್ಟು ಕೊಡುವ ಮಂತ್ರಗಳಿರುವ ಕೆಂಪು ಡೆಕ್ ಆದರೆ ನಾನು ತಕ್ಷಣ ಬಳಸುತ್ತೇನೆ, ಏಕೆಂದರೆ ಅಲ್ಲಿ 7 ಎಂಬುದು ಏನೇನೂ ಸಾಲದು. ಬರೀ ಕ್ರೀಚರ್‌ಗಳನ್ನೇ ನಂಬಿದ ಡೆಕ್ ಆದರೆ ಕಾಯುತ್ತೇನೆ. ಈ ಒಂದು ನಿರ್ಧಾರವನ್ನು ಬೇರೆ ಬೇರೆ ಎದುರಾಳಿಗಳ ಮುಂದೆ ಆಡಿ ನೋಡಿದರೆ ಡೆಕ್ ಪಟ್ಟಿ ಓದಿ ಕಲಿಯುವುದಕ್ಕಿಂತ ಹೆಚ್ಚು ಕಲಿಯಬಹುದು.

ಆದರೆ ವ್ರಾತ್ ಕೈಗೆ ಬಂದಿರಬೇಕಲ್ಲ? ಎರಡನೆಯವರಾಗಿ ಆಡುವಾಗ ನಾಲ್ಕನೇ ಸರದಿಯ ಹೊತ್ತಿಗೆ ನಾವು 11 ಕಾರ್ಡ್ ನೋಡಿರುತ್ತೇವೆ. ಡೆಕ್ಕಿನಲ್ಲಿ ನಾಲ್ಕು ಪ್ರತಿ ಇದ್ದರೆ ಒಂದಾದರೂ ಬಂದಿರುವ ಸಾಧ್ಯತೆ ಶೇ. 56ರ ಆಸುಪಾಸು. ಅದೇ ಕೆಲಸ ಮಾಡುವ ಬೇರೊಂದು ಕಾರ್ಡಿನ ಎರಡು ಪ್ರತಿ ಸೇರಿಸಿ ಒಟ್ಟು ಆರು ಮಾಡಿದರೆ ಶೇ. 72. ಬೇಸಿಕ್ ಲ್ಯಾಂಡ್ ಬಿಟ್ಟರೆ ಒಂದೇ ಕಾರ್ಡಿನ ನಾಲ್ಕು ಪ್ರತಿಗಿಂತ ಹೆಚ್ಚು ಇಡುವಂತಿಲ್ಲವಾದ್ದರಿಂದ ಕಾರ್ಡಿನ ಹೆಸರಿಗಿಂತ ಅದು ಮಾಡುವ ಕೆಲಸವನ್ನು ಎಣಿಸುವ ರೂಢಿ ಒಳ್ಳೆಯದು.

ಲ್ಯಾಂಡ್ ವಿಷಯದಲ್ಲಿ ಜಿಪುಣತನ ಬೇಡ. 22 ಲ್ಯಾಂಡ್ ಇಟ್ಟರೆ ಆ 11 ಕಾರ್ಡುಗಳಲ್ಲಿ ಸರಾಸರಿ ನಾಲ್ಕು ಲ್ಯಾಂಡ್ ಬರುತ್ತವೆ. ಕೇಳಲು ಸಾಕೆನಿಸುತ್ತದೆ, ಆದರೆ ಸುಮಾರು ಮೂರು ಆಟಕ್ಕೊಮ್ಮೆ ಮೂರು ಅಥವಾ ಅದಕ್ಕೂ ಕಡಿಮೆ ಲ್ಯಾಂಡಿನಲ್ಲೇ ಸಿಕ್ಕಿಕೊಳ್ಳುತ್ತೇವೆ. 26 ಇಟ್ಟರೆ ಅದು ಸುಮಾರು ಐದು ಆಟಕ್ಕೊಮ್ಮೆ ಆಗುತ್ತದೆ. ವೇಗದ ಡೆಕ್ ಎರಡು ಲ್ಯಾಂಡಿನಲ್ಲೂ ಹೇಗೋ ಓಡುತ್ತದೆ. ನಮ್ಮದು ಓಡುವುದಿಲ್ಲ.

ಕೌಂಟರ್‌ಸ್ಪೆಲ್‌ಗೆ ಎರಡೇ ನೀಲಿ ಮಾನಾ ಸಾಕು, ಎದುರಾಳಿ ಆಡುವ ಯಾವ ಮಂತ್ರವನ್ನಾದರೂ ತಡೆಯುತ್ತದೆ. ಆದರೆ ಈಗಾಗಲೇ ಮೇಜಿನ ಮೇಲೆ ಇಳಿದದ್ದನ್ನು ಅದು ಮುಟ್ಟಲಾರದು. ಆದ್ದರಿಂದ ಎರಡನೆಯವರಾಗಿ ಆಡುವಾಗ ಅದರ ಬೆಲೆ ಇಳಿಯುತ್ತದೆ. ಎಷ್ಟು ತಡೆ, ಎಷ್ಟು ನಾಶ ಎಂದು ಹಂಚುವಾಗ ಇದು ನೆನಪಿರಲಿ. ಕಾರ್ಡ್ ಎಳೆಯುವ ಮಂತ್ರಗಳು ಆದಷ್ಟೂ ಇನ್‌ಸ್ಟಂಟ್ ಆಗಿರಲಿ. ಎದುರಾಳಿಯ ಸರದಿಯಲ್ಲಿ ತಡೆಯುವಂಥದ್ದು ಏನೂ ಬರದಿದ್ದರೆ ಅದೇ ಮಾನಾದಿಂದ ಕಾರ್ಡ್ ಎಳೆದುಕೊಳ್ಳಬಹುದು.

ಈಗ ಗೆಲ್ಲಿಸುವ ಕಾರ್ಡ್. 1990ರ ದಶಕದ ನಡುವಿನಲ್ಲಿ ಬ್ರಯನ್ ವೈಸ್‌ಮನ್ ಕಟ್ಟಿದ, ‘ದ ಡೆಕ್’ ಎಂದೇ ಹೆಸರಾದ ಕಂಟ್ರೋಲ್ ಡೆಕ್ಕಿನಲ್ಲಿ ಸೆರಾ ಏಂಜೆಲ್ ಇದ್ದದ್ದು ಎರಡೇ ಪ್ರತಿ. 4 ಬಲದ ಹಾರುವ ಕ್ರೀಚರ್ ಅದು. ದಾಳಿ ಮಾಡಿಯೂ ಟ್ಯಾಪ್ ಆಗದೆ ಮರುಸರದಿಯಲ್ಲಿ ಕಾವಲಿಗೆ ನಿಲ್ಲುತ್ತದೆ. ಐದು ದಾಳಿಗೆ 20 ಲೈಫ್ ಮುಗಿಯುತ್ತದೆ. 2018ರ ಡೊಮಿನೇರಿಯಾ ಸೆಟ್‌ನ ‘ಟೆಫೆರಿ, ಹೀರೋ ಆಫ್ ಡೊಮಿನೇರಿಯಾ’ ಇನ್ನೂ ಸೊಗಸು. ಐದು ಲ್ಯಾಂಡ್ ಖರ್ಚು ಮಾಡಿ ಇಳಿಸಿದರೆ ಅದೇ ಸರದಿಯಲ್ಲಿ ಒಂದು ಕಾರ್ಡ್ ಕೊಡುತ್ತಾನೆ, ಸರದಿಯ ಕೊನೆಗೆ ಎರಡು ಲ್ಯಾಂಡನ್ನು ಮತ್ತೆ ಬಳಕೆಗೆ ಸಿದ್ಧವಾಗಿಸುತ್ತಾನೆ. ಆ ಎರಡರಲ್ಲಿ ಎದುರಾಳಿಯ ಮುಂದಿನ ಮಂತ್ರವನ್ನು ತಡೆಯಬಹುದು. ಮೇಜಿನ ಮೇಲಿರುವ, ಲ್ಯಾಂಡ್ ಅಲ್ಲದ ಯಾವುದೇ ಕಾರ್ಡನ್ನು ಅದರ ಒಡೆಯನ ಲೈಬ್ರರಿಯ (ಎಳೆಯಲು ಉಳಿದಿರುವ ಕಾರ್ಡುಗಳ ಕಟ್ಟಿನ) ಮೇಲಿನಿಂದ ಮೂರನೆಯ ಸ್ಥಾನಕ್ಕೆ ಕಳಿಸುವ ಟೆಫೆರಿಯ ಶಕ್ತಿಯನ್ನು ಟೆಫೆರಿಯ ಮೇಲೆಯೇ ಬಳಸಿ, ನಮ್ಮ ಲೈಬ್ರರಿ ಎಂದೂ ಮುಗಿಯದಂತೆ ನೋಡಿಕೊಂಡು ಗೆದ್ದ ಡೆಕ್‌ಗಳೂ ಇವೆ. ಎರಡೂ ಕಾರ್ಡುಗಳಲ್ಲಿ ನಾನು ಮೆಚ್ಚುವುದು ಒಂದನ್ನೇ: ಅವು ಗೆಲ್ಲಿಸುವಾಗಲೂ ಕಾಯುವ ಕೆಲಸವನ್ನು ಬಿಡುವುದಿಲ್ಲ. ಇಂಥವು ಮೂರಿದ್ದರೆ ಧಾರಾಳ.

ಸೈಡ್‌ಬೋರ್ಡ್‌ನ 15 ಕಾರ್ಡುಗಳನ್ನು (ಒಂದು ಆಟ ಮುಗಿದ ಮೇಲೆ ಡೆಕ್ಕಿನ ಕಾರ್ಡುಗಳ ಬದಲಿಗೆ ಸೇರಿಸಿಕೊಳ್ಳುವಂಥವು) ಒಳಗೆ ಬರುವ ಕಡೆಯಿಂದಲ್ಲ, ಹೊರಗೆ ಹೋಗುವ ಕಡೆಯಿಂದ ಲೆಕ್ಕ ಹಾಕಿ. ಕ್ರೀಚರ್‌ಗಳೇ ಇಲ್ಲದ ಡೆಕ್ ಎದುರಾದರೆ ಆರು ವ್ರಾತ್‌ಗಳೂ ನಾಲ್ಕು ಒಂಟಿ ಕೊಲ್ಲುವ ಕಾರ್ಡುಗಳೂ ಕೈಯಲ್ಲಿ ಸುಮ್ಮನೆ ಕೊಳೆಯುತ್ತವೆ. ಹತ್ತು ಹೊರಗೆ ಹೋಗಬೇಕು, ಆದರೆ ಆ ಎದುರಾಳಿಗಾಗಿ ಸೈಡ್‌ಬೋರ್ಡ್‌ನಲ್ಲಿ ಇರುವುದು ಆರೇ ಎಂದಾದರೆ, ಮೂಲ ಡೆಕ್ಕಿನ ಒಂಟಿ ಕೊಲ್ಲುವ ಕಾರ್ಡುಗಳ ಜಾಗದಲ್ಲಿ ಕ್ರೀಚರ್ ಅಲ್ಲದ್ದನ್ನೂ ತೆಗೆಯಬಲ್ಲ ಕಾರ್ಡುಗಳನ್ನು ಹಾಕಬೇಕು, ಅವುಗಳಿಗೆ ಒಂದು ಮಾನಾ ಹೆಚ್ಚು ತಗುಲಿದರೂ ಸರಿ. ಆಮೇಲೆ ಮೊದಲಿನ ನಾಲ್ಕು ಸರದಿಗಳ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಬೇಕು, ಏಕೆಂದರೆ ಆ ಒಂದು ಮಾನಾ ಎರಡನೇ ಸರದಿಯ ಉತ್ತರವನ್ನು ಮೂರನೆಯದಕ್ಕೆ ತಳ್ಳಿರುತ್ತದೆ.